ಹದಿನೈದು ರೂಪಾಯಿಯ ಬಾರ್

ಅಯ್ಯೋ ಅತ್ತೆ, ಅದನ್ನ ಬಾಯಿಗಿಟ್ಕೋಬೇಡಿ! ಉಗೀರಿ, ಉಗೀರಿ... ಇನ್ನೂ ಕಚ್ಚಿಲ್ವಾ? ಸದ್ಯ! ಹಿಂದೆ ನೋಡಿ, ಸಣ್ಣಕ್ಷರದಲ್ಲಿ ಬರೆದಿದಾರೆ, ಜೇನು ಹಾಕಿದೆ ಅಂತ. ಜೇನು ಮುಟ್ಟದ ಜೈನರ ಅಂಗಡೀಲೇ ಜೇನು ಮಾರ್ತಾರೆ ಅಂತ ನಾಳೆ ಹಳೇಬೀಡೆಲ್ಲ ಸುದ್ದಿಯಾಗುತ್ತೆ. ಅತ್ತ ಇಡಿ ಅದನ್ನ. ಏಜೆನ್ಸಿಯವನಿಗೇನು, ಮೂರು ಥರದ ಗ್ರಾನೋಲಾ ಬಾರ್ ಸ್ಯಾಂಪಲ್ ಕೊಟ್ಟು ಹೋದ. ಆರ್ಡರ್ ಕೊಡೋರು ನಾವು ತಾನೆ?

ಯಾಕೆ ನಗ್ತೀರಿ? ಹೂಂ, ಓಟ್ಸ್ ಚಿಕ್ಕಿ ಅಂತಲೇ ಅನ್ನಿ. ದೇವಸ್ಥಾನ ನೋಡೋಕೆ ಬರೋರು ಇದನ್ನೇ ಕೇಳ್ತಾರೆ, ಏನ್ಮಾಡೋದು.

ಅಯ್ಯೋ, ಹೊಗಳಿದ್ದು ಸಾಕು ಅತ್ತೆ... ಆಗಲೇ ಅಂಗಡಿಗೆ ಬಂದಿದ್ದ ವಿಮಲನಾಥ ಮಾವನ ಮುಂದೆಯೂ ಹೇಳಿದ್ರಿ. 'ನಮ್ಮ ವಂದನಾ ಮೂರು ತಿಂಗಳ ಬಾಣಂತಿ, ಆದ್ರೂ ಸೂರ್ಯ ಮುಳುಗಿದ ಮೇಲೆ ಒಂದು ತುತ್ತು ಮುಟ್ಟಲ್ಲ, ನಾಳೆ ಮುನಿಗಳ ಮುಂದೆ ಜೀವನಪೂರ್ತಿ ರಾತ್ರಿ ಊಟ ಬಿಡೋ ವ್ರತ ತಗೋತಾಳೆ' ಅಂತ. ಊರಿಗೆಲ್ಲ ಡಂಗುರ!

ಇರ್ಲಿ, ಬಾರ್ ವಿಷಯ ನೋಡೋಣ. ಈ ಹತ್ತು ರೂಪಾಯಿದು ಬೇಡವೇ ಬೇಡ. ಮೊದಲು ಬರೀ ಸಕ್ಕರೆ, ಆಮೇಲೆ ಮರದ ಹೊಟ್ಟು. ಹಲ್ಲಿಗೆ ಅಂಟಿದ್ರೆ ಬಿಡಲ್ಲ. ಒಂದು ತಿಂದ್ರೆ ಅರ್ಧ ಗಂಟೆಗೆ ಮತ್ತೆ ಹೊಟ್ಟೆ ಚುರುಚುರು, ಎರಡು ತಿಂದ್ರೆ ಎದೆಯುರಿ. ಅಗ್ಗ ಅಂತ ಮುಗ್ಗಿದ ಜೋಳ ತಂದಂಗೆ!

ಆಂ? ನನಗೆ ಹೇಗೆ ಗೊತ್ತು ಅಂದ್ರೆ... ಬೆಳಿಗ್ಗೆ ಒಂದು ತುಂಡು ರುಚಿ ನೋಡಿದೆ. ಬೆಳಿಗ್ಗೆ ಅತ್ತೆ, ಬಿಸಿಲು ಬಂದಿತ್ತು.

ಈ ಹದಿನೈದರದ್ದು ಇದ್ಯಲ್ಲ, ಇದು ಬಾರ್ ಅಂದ್ರೆ ಬಾರ್! ಬೆಲ್ಲದ್ದು. ಕಡಲೆಬೀಜ ಬಾಯಿಗೆ ಸಿಗುತ್ತೆ, ಕೊನೇಲಿ ಚೂರೇ ಚೂರು ಉಪ್ಪು. ಐದು ರೂಪಾಯಿ ಜಾಸ್ತಿ ಆದ್ರೂ ಒಂದೇ ಸಾಕು, ಬೆಳಗಿನವರೆಗೂ ಹೊಟ್ಟೆ ತಡೆಯುತ್ತೆ. ಕವರ್ ಮುಟ್ಟಿ ನೋಡಿ, ಎಷ್ಟು ಮೆತ್ತಗಿದೆ! ಆ ಹತ್ತರದ್ದು ಹರಿದ್ರೆ ಪರಪರಾ ಅಂತ ಮನೆಯೆಲ್ಲ ಎಚ್ಚರ. ಇದು ಸದ್ದೇ ಮಾಡಲ್ಲ, ಪಕ್ಕದಲ್ಲಿ ಮಗು ಮಲಗಿದ್ರೂ ಏಳಲ್ಲ...

...ಏನತ್ತೆ? ಯಾಕೆ ಹಾಗೆ ನೋಡ್ತೀರಿ?

ಅಲ್ಲ, ಗಿರಾಕಿಗಳಿಗೆ ಅಂತ ಹೇಳಿದೆ. ಬಸ್ಸಲ್ಲಿ ಮಗೂನ ತೊಡೆ ಮೇಲೆ ಮಲಗಿಸ್ಕೊಂಡು ಬರ್ತಾರಲ್ಲ, ಅವರಿಗೆ. ಅಲ್ವಾ? ...ಅಲ್ವಾ ಅತ್ತೆ?

ಹೂಂ, ರಾತ್ರಿ ಹೊತ್ತು ನಾನೇ ತಿಂತಿದ್ದೆ.

ಹಸಿವಾಗುತ್ತೆ ಅತ್ತೆ. ಆರು ಗಂಟೆಗೆ ಉಂಡಿದ್ದು, ಮಗು ಎರಡು ಸಲ ಹಾಲು ಕುಡಿದ ಮೇಲೆ ಎಲ್ಲಿ ಉಳಿಯುತ್ತೆ? ಮೊದಲನೇ ದಿನವೇ ಹೇಳಬೇಕಿತ್ತು... ಅಷ್ಟರಲ್ಲಿ ನೀವು ಹೊಗಳೋಕೆ ಶುರು ಮಾಡಿದ್ರಿ, ನನಗೂ ಖುಷಿಯಾಯ್ತು, ಸುಳ್ಳು ಹೇಳಲ್ಲ. ಆಮೇಲೆ ಬಾಯಿ ಬಿಡೋಕೆ ಧೈರ್ಯವೇ ಬರ್ಲಿಲ್ಲ. ಮಗೂಗೆ ಇಂಜೆಕ್ಷನ್ ಹಾಕ್ಸೋಕೆ ಬೇಲೂರಿಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಲ್ಲಿ ತಗೊಂಡು, ಮಗೂನ ಬಟ್ಟೆ ಅಡಿ ಇಟ್ಕೊಂಡು ಬರ್ತಿದ್ದೆ. ಜೇನಿನದ್ದು ಒಂದೂ ತಿಂದಿಲ್ಲ ಅತ್ತೆ, ಆಣೆ!

ಬೈಯಿರಿ. ಬೈದುಬಿಡಿ... ನಾಳೆ ಮುನಿಗಳ ಮುಂದೆ ವ್ರತ ತಗೊಂಡ್ರೆ ನಾನು ಸುಳ್ಳಿ. ತಗೊಳ್ಳಲ್ಲ ಅಂದ್ರೆ, ಅಷ್ಟು ಜನರೆದುರು ನೀವು ಸುಳ್ಳಿ ಆಗ್ತೀರಿ. ನಾನೇನು ಮಾಡ್ಲಿ ಅತ್ತೆ?