ಸೊನ್ನೆಗೆ ಇಳಿಯದ ಗಾಳಿ

ಹೊಗೆ ತಪಾಸಣೆಯ ಸಾಲಿನಲ್ಲಿ ನನ್ನ ಸ್ಕೂಟರಿನ ಮುಂದೆ ಒಂದು ಶಾಲಾ ವ್ಯಾನು ನಿಂತಿತ್ತು. ತಪಾಸಣೆಯವನು ಕೊಳವೆಯನ್ನು ಕೈಯಲ್ಲೇ ಹಿಡಿದುಕೊಂಡು ಯಂತ್ರದ ಪರದೆಯನ್ನು ದಿಟ್ಟಿಸುತ್ತಿದ್ದ. ವ್ಯಾನಿನ ಡ್ರೈವರ್ ಇಳಿದು ಬಂದ.

"ಏನಣ್ಣಾ, ನನ್ನ ಗಾಡಿ ಫೇಲಾ?"

"ನಿನ್ನ ಗಾಡಿಗೆ ಇನ್ನೂ ಹಾಕೇ ಇಲ್ಲ ಮಹರಾಯ. ಮೊದಲು ಇದು ಹೊರಗಿನ ಗಾಳಿ ಎಳ್ಕೊಂಡು ಸೊನ್ನೆ ತೋರಿಸ್ಬೇಕು. ಬೆಳಗ್ಗೆಯಿಂದ ಸೊನ್ನೆಗೆ ಇಳೀತಾನೇ ಇಲ್ಲ."

"ಮಿಷಿನ್ ಕೆಟ್ಟಿರ್ಬೇಕು."

"ನಾನೂ ಹಾಗೇ ಅಂದ್ಕೊಂಡೆ. ರಿಪೇರಿಯವನು ಬಂದು ಬಿಚ್ಚಿ ನೋಡ್ದ. ಮಿಷಿನ್ ಗಟ್ಟಿಮುಟ್ಟಾಗಿದೆಯಂತೆ."

"ಮತ್ತೆ?"

"ಮತ್ತೇನು, ಗಾಳಿನೇ ಫೇಲು."

ಡ್ರೈವರ್ ನಗಲು ಹೋಗಿ ಕೆಮ್ಮಿದ.

"ಮೂರೂವರೆಗೆ ಶಾಲೆ ಬಿಡುತ್ತೆ. ಹೊಗೆ ಪಾಸಾದ ಚೀಟಿ ಇಲ್ದಿದ್ರೆ ಗೇಟೊಳಗೆ ಸೇರಿಸಲ್ಲ. ನನ್ನ ಮಗಳೂ ಇದ್ರಲ್ಲೇ ಬರೋದು. ಏನಾದ್ರೂ ಮಾಡಣ್ಣಾ."

"ರಿಪೇರಿಯವನು ಒಂದು ಗುಂಡಿ ತೋರಿಸಿ ಹೋಗಿದ್ದಾನೆ. ಅದನ್ನ ಒತ್ತಿದ್ರೆ, ಈಗಿರೋ ಈ ಗಾಳಿನೇ ಒಳ್ಳೇ ಗಾಳಿ ಅಂತ ಮಿಷಿನ್ ಒಪ್ಕೊಳುತ್ತೆ. ಇದನ್ನೇ ಸೊನ್ನೆ ಅಂತ ಹಿಡ್ಕೊಳುತ್ತೆ."

"ಆಮೇಲೆ?"

"ಆಮೇಲೆ ಎಲ್ರೂ ಪಾಸು. ಎಲ್ಲ ಕಡೆ ಈಗ ಇದನ್ನೇ ಒತ್ತೋದಂತೆ."

"ನೀನ್ಯಾಕೆ ಒತ್ತಿಲ್ಲ?"

"ಯಾರಾದ್ರೂ ಬೇಡ ಅಂತಾರೇನೋ ಅಂತ ಕಾಯ್ತಿದ್ದೆ."

ಡ್ರೈವರ್ ಹಿಂದೆ ತಿರುಗಿ ಸಾಲನ್ನು ನೋಡಿದ. ನಾನು ಮಾತಾಡಲಿಲ್ಲ. ಬೇರೆ ಯಾರೂ ಮಾತಾಡಲಿಲ್ಲ.

"ಒತ್ತಣ್ಣಾ, ಹೊತ್ತಾಯ್ತು."

ಒತ್ತಿದ. ಪರದೆಯ ಮೇಲೆ ಸೊನ್ನೆ ಬಂತು. ವ್ಯಾನು ಪಾಸಾಯಿತು. ಚೀಟಿಯನ್ನು ಜೇಬಿಗಿಳಿಸಿ ಡ್ರೈವರ್ ಹೊರಟುಹೋದ. ಅವನು ಬಿಟ್ಟುಹೋದ ಹೊಗೆಯೊಳಗಿಂದ ತಪಾಸಣೆಯವನು ಕೈಬೀಸಿ ಕರೆದ. ನಾನೂ ಗಾಡಿಯನ್ನು ಮುಂದಕ್ಕೆ ತಳ್ಳಿದೆ.