ಮೊದಲನೇ ಅಂಕದಲ್ಲೇ ಸತ್ತವಳು

ಮ್ಯಾಟಿನಿ ಬಿಟ್ಟು ಜನ ಚದುರಿದ್ದರು. ಮೆಟ್ಟಿಲ ಮೇಲೆ ಬಾಡಿಗೆ ಕಾರಿಗೆ ಕಾಯುತ್ತಿದ್ದ ಅತ್ತಿಗೆ-ನಾದಿನಿಯರ ಜಗಳದಂಥ ಮಾತು ಕೇಳಿ ಗೇಟ್‌ಕೀಪರನ ಕಿವಿ ನೆಟ್ಟಗಾಯಿತು.

“ನಮ್ಮ ನಾಟಕಾನ ಸಿನಿಮಾ ಮಾಡಿ ಆ ಕೆಲಸದವಳನ್ನ ಬದುಕಿಸಿಬಿಟ್ಟಿದ್ದಾರಲ್ಲೇ! ಇವರಿಗೇನು ತಲೆ ಕೆಟ್ಟಿದ್ಯಾ?” ಅತ್ತಿಗೆ ಸಿಡುಕಿದಳು.

“ಬದುಕಿದ್ರೆ ಒಳ್ಳೇದೇ ಅಲ್ವಾ ಅತ್ತಿಗೆ?”

“ಏನು ಒಳ್ಳೇದು? ನಾಟಕದಲ್ಲಿ ಹನ್ನೊಂದು ವರ್ಷ ಆ ಕೆಲಸದವಳ ಪಾರ್ಟು ಮಾಡಿದೋಳು ನಾನು. ಹಾಡ್ತಾ ಇರೋವಾಗ್ಲೇ ಧಣಿ ಬಂದು ಕತ್ತು ಹಿಸುಕ್ತಿದ್ದ. ಹಾಡು ಅರ್ಧಕ್ಕೇ ನಿಲ್ತಿತ್ತು. ಜನ ಉಸಿರು ಬಿಗಿಹಿಡಿದು ಕೂತಿರ್ತಿದ್ರು. ಇಲ್ಲಿ ನೋಡಿದ್ರೆ ಅವನ ಕೈ ಕಚ್ಚಿ, ಹಾಡು ಪೂರ್ತಿ ಮುಗಿಸಿ, ಕಿಟಕಿ ಹಾರಿ ಓಡ್ತಾಳೆ!”

“ಆಗ ಥಿಯೇಟರಿಗೆ ಥಿಯೇಟರೇ ಚಪ್ಪಾಳೆ ಹೊಡೀತು.”

“ಅದಕ್ಕೇ ಮೈ ಉರಿಯೋದು! ನಂಗೆ ಯಾರು ಹೊಡೆದ್ರು?”

“ಕೊನೇಲಿ ಎಲ್ಲರೂ ಸ್ಟೇಜಿಗೆ ಬಂದು ಕೈ ಮುಗೀತಿದ್ರಲ್ಲ?”

“ಸತ್ತವರು ಬರಬಾರದು ಅಂತ ನಾಟಕದ ಮೇಷ್ಟ್ರ ಕಟ್ಟಪ್ಪಣೆ. ಸತ್ತವರು ಎದ್ದು ನಿಂತ್ರೆ ಜನಕ್ಕೆ ಭಯ ಇಳಿದುಹೋಗುತ್ತಂತೆ. ನಾನು ಮೊದಲನೇ ಅಂಕದಲ್ಲೇ ಸತ್ತು, ಪರದೆ ಹಿಂದೆ ಬಣ್ಣ ಒರೆಸ್ಕೊಂಡು ಕೂತಿರ್ತಿದ್ದೆ. ಕೊಂದವನಿಗೆ ಬೀಳೋ ಚಪ್ಪಾಳೆ ಅಲ್ಲೀತನಕ ಕೇಳಿಸ್ತಿತ್ತು.”

ಅಷ್ಟರಲ್ಲಿ ಕಾರು ಬಂತು, ನಾದಿನಿ ಹತ್ತಿ ಕೂತಳು. ಅತ್ತಿಗೆ ಮಾತ್ರ ಗೇಟ್‌ಕೀಪರನ ಕಡೆ ತಿರುಗಿದಳು.

“ಏನಪ್ಪಾ, ಅವಳು ಓಡೋವಾಗ ಪ್ರತಿ ಆಟಕ್ಕೂ ಹೀಗೇ ಚಪ್ಪಾಳೆ ಬೀಳುತ್ತಾ?”

“ಪ್ರತಿ ಆಟಕ್ಕೂ ಅಮ್ಮಾ.”

“ಹಾಳಾದೋರು,” ಎಂದು ಗೊಣಗಿ ಕಾರು ಹತ್ತಿದಳು. ಕಾರು ಹೊರಡುತ್ತಿದ್ದಂತೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ನಾಳೆ ಮ್ಯಾಟಿನಿ ಎಷ್ಟು ಗಂಟೆಗೆ ಶುರು?”