ಒಂದೇ ನಿಮಿಷಕ್ಕೆ ಬಂದವರು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಕೂತು ಕೂತು ಟೈಲರ್ ಎಂಬ ಯುವಕನಿಗೆ ಸಾಕಾಗಿತ್ತು. ಪಕ್ಕದಲ್ಲಿ, ಅಲ್ಲಿನ ರೋಗಿಗಳ ಸರದಿ ನೋಡಿಕೊಳ್ಳುವ ಕಂಪ್ಯೂಟರ್ ಪ್ರೋಗ್ರಾಮ್ ಬರೆದ ಅಕ್ಕ-ತಮ್ಮ ಲ್ಯಾಪ್‌ಟಾಪ್ ಮೇಲೆ ಬಗ್ಗಿದ್ದರು. ಅವನ ಕಿವಿಯೆಲ್ಲ ಅತ್ತಲೇ.

“ನಾವು ತಂದು ಹಾಕ್ಕೊಂಡ ಈ ಸ್ಕಿಪ್ ಲಿಸ್ಟ್ ಅನ್ನೋ ರೆಡಿಮೇಡ್ ಕೋಡು ಇಷ್ಟು ಬೇಗ ಹೇಗಕ್ಕಾ ಹೆಸರು ಹುಡುಕುತ್ತೆ?”

“ಸಾಲಿನ ಮೇಲೆ ಇನ್ನೊಂದು ಸಾಲು ಇರುತ್ತೆ ಕಣೋ. ಮೇಲೆ ಹಾರ್ಕೊಂಡು ಹೋಗಿ, ಹತ್ರ ಬಂದಾಗ ಕೆಳಗಿಳಿಯೋದು.”

“ಮೇಲಿನ ಸಾಲಿಗೆ ಯಾವ ಹೆಸರು ಹೋಗ್ಬೇಕು ಅಂತ ಹೇಗೆ ಗೊತ್ತಾಗುತ್ತೆ?”

“ನಾಣ್ಯ ಚಿಮ್ಮಿದ ಹಾಗೆ. ಅದೃಷ್ಟ!”

“ನಾವು ರೋಗಿಗಳು ಬಂದ ಗಂಟೆ, ನಿಮಿಷ ನೋಡಿ ಹೆಸರು ಜೋಡಿಸಿದೀವಿ. ಒಂದೇ ನಿಮಿಷಕ್ಕೆ ಇಬ್ಬರು ಬಂದ್ರೆ?”

ಅಕ್ಕನ ಬೆರಳು ನಿಂತಿತು. “ಅಯ್ಯೋ! ಒಂದು ನಿಮಿಷಕ್ಕೆ ಒಂದೇ ಹೆಸರಿಗೆ ಜಾಗ. ಎರಡನೆಯವರು ಉಳೀತಾರೆ, ಮೊದಲಿನವರು ಅಳಿಸಿಹೋಗ್ತಾರೆ. ನಡಿ, ಹಾಗೆ ಯಾರು ಕಾಯ್ತಾ ಕೂತಿದಾರೋ ಕೌಂಟರ್‌ನಲ್ಲಿ ಕೇಳೋಣ.”

ಇಬ್ಬರೂ ದಡಬಡ ಎದ್ದು ಹೋದರು. ಟೈಲರ್‌ಗೆ ನೆನಪಾಯಿತು. ಬೆಳಿಗ್ಗೆ ಅವನ ಬೆನ್ನಿಗೇ ಹೆಸರು ಬರೆಸಿದ್ದ ಅಜ್ಜಿ ಆಗಲೇ ಔಷಧಿ ಹಿಡಿದು ಹೊರಡುತ್ತಾ ಕೇಳಿದ್ದಳು: “ಇನ್ನೂ ಇಲ್ಲೇ ಇದೀಯಾ ಮಗಾ?”